ಲೆದರ್ ಕೋರಲ್ ಮುದುಡಿದೆ, ದೊಡ್ಡ ಲೈಟ್ ತರಲಾ?

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇಟ್ಟು ಎಂಟು ತಿಂಗಳಾಯಿತು. ಎರಡು ಕ್ಲೌನ್ ಮೀನು ಚೆನ್ನಾಗಿವೆ. ಸಾಫ್ಟ್ ಕೋರಲ್‌ಗಳು, ಅಂದರೆ ಮೆತ್ತನೆಯ ಹವಳಗಳು ಮಾತ್ರ ಒಂದೊಂದಾಗಿ ಹಾಳಾಗುತ್ತಿವೆ. ಕ್ಸೀನಿಯಾ ಕರಗಿಹೋಯಿತು. ಲೆದರ್ ಕೋರಲ್ ಹತ್ತು ದಿನದಿಂದ ಮುದುಡಿದೆ, ಮೈಮೇಲೆ ಮೇಣದಂಥ ಪೊರೆ ಬಂದಿದೆ. ಮಶ್ರೂಮ್ ಕೋರಲ್‌ಗಳು ಚಿಕ್ಕದಾಗಿ ಕಂದು ಬಣ್ಣಕ್ಕೆ ತಿರುಗಿವೆ. ಮೂರು ಬಸವನಹುಳು ಸತ್ತವು. ಬೇಸಿಗೆ ಅಂತ ಐದು ವಾರದಿಂದ ನೀರಿನ ಮೇಲೆ ಫ್ಯಾನ್ ಹಾಕಿದ್ದೇನೆ. ದಿನಾ ಸುಮಾರು ಒಂದು ಲೀಟರ್ ನೀರು ಇಳಿಯುತ್ತದೆ, ಆರ್‌ಓ ನೀರಿಗೆ ಸಮುದ್ರದ ಉಪ್ಪು ಬೆರೆಸಿ ತುಂಬಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ ಹತ್ತು ಲೀಟರ್ ಬದಲಿಸುತ್ತೇನೆ. ಉಪ್ಪು ಅಳೆಯುವ ಹೈಡ್ರೋಮೀಟರ್ 1.025 ತೋರಿಸುತ್ತದೆ. ಕ್ಯಾಲ್ಸಿಯಂ 510 ಬಂತು, ಒಳ್ಳೆಯದೇ ಅಲ್ವಾ? ಅಂಗಡಿಯವರು 90 ವ್ಯಾಟ್ ಎಲ್‌ಇಡಿ ಸಾಲದು, ದೊಡ್ಡದು ಹಾಕಿ ಅನ್ನುತ್ತಾರೆ. ಝೋವಾ ಸತ್ತಿರುವ ಒಂದು ಕಲ್ಲಿದೆ, ಅದನ್ನು ಕುದಿಸಿ ಮತ್ತೆ ಬಳಸಬಹುದೇ? ಇನ್ನೊಂದು, ದುಬೈಯಲ್ಲಿರುವ ತಮ್ಮ ಮುಂದಿನ ತಿಂಗಳು ಬರುತ್ತಾನೆ, ಅಕ್ರೋಪೋರಾ ಎಂಬ ಗಟ್ಟಿ ಹವಳದ ತುಂಡು ತರಲಾ ಅಂತ ಕೇಳುತ್ತಿದ್ದಾನೆ.

ಉತ್ತರ:

ಕಲ್ಲನ್ನು ಕುದಿಸಬೇಡಿ. ಲೈಟು, ಉಪ್ಪು, ದುಬೈ ಎಲ್ಲ ಆಮೇಲೆ ಮಾತಾಡೋಣ. ಪಾತ್ರೆ ಈಗಾಗಲೇ ಒಲೆಯ ಮೇಲಿದ್ದರೆ ಒಲೆ ಆರಿಸಿ, ಕಿಟಕಿ ತೆಗೆದು, ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಬನ್ನಿ.

ಝೋವಾ ಜಾತಿಯ ಹವಳಗಳಲ್ಲಿ, ಅದರಲ್ಲೂ ಪ್ಯಾಲಿಥೋವಾ ಅನ್ನುವ ಅದರ ಹತ್ತಿರದ ನೆಂಟನಲ್ಲಿ, ಪ್ಯಾಲಿಟಾಕ್ಸಿನ್ ಎಂಬ ವಿಷ ಇರಬಹುದು. 1971ರಲ್ಲಿ ಹವಾಯಿಯ ಹವಳದಿಂದ ಇದನ್ನು ಮೊದಲು ಬೇರ್ಪಡಿಸಿದರು. ಪ್ರಾಣಿಗಳಲ್ಲಿ ಸಿಗುವ ಅತಿ ಕಡು ವಿಷಗಳಲ್ಲಿ ಇದೂ ಒಂದು. ಕುದಿಸಿದಾಗ ಆವಿಯ ಜೊತೆ ಅದು ಗಾಳಿಗೆ ಸೇರುತ್ತದೆ. ಹೀಗೆ ಕಲ್ಲು ಕುದಿಸಿ ಮನೆ ಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ಹೊರದೇಶಗಳಲ್ಲಿ ದಾಖಲಾಗಿವೆ. ಬಾಯಲ್ಲಿ ಲೋಹದ ಕಹಿ, ಚಳಿಜ್ವರ, ಏದುಸಿರು, ಮೈಕೈ ನೋವು ಅದರ ಲಕ್ಷಣ. ಇದಕ್ಕೆ ಪ್ರತಿವಿಷ ಇಲ್ಲ. ಹಾಗೇನಾದರೂ ಆದರೆ ವೈದ್ಯರಿಗೆ ‘ಪ್ಯಾಲಿಟಾಕ್ಸಿನ್’ ಎಂದು ಹೆಸರು ಹಿಡಿದೇ ಹೇಳಿ, ಏಕೆಂದರೆ ಅಕ್ವೇರಿಯಂನಿಂದ ಇಂಥದ್ದು ಬರುತ್ತದೆ ಎಂದು ಯಾರಿಗೂ ಸುಮ್ನೆ ಹೊಳೆಯುವುದಿಲ್ಲ.

ಯಾವ ಝೋವಾದಲ್ಲಿ ವಿಷ ಇದೆ, ಯಾವುದರಲ್ಲಿ ಇಲ್ಲ ಎಂದು ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಎಲ್ಲದರಲ್ಲೂ ಇದೆ ಎಂದೇ ನಡೆದುಕೊಳ್ಳಿ. ಒಣ ಕಲ್ಲನ್ನು ಬ್ರಷ್‌ನಿಂದ ಉಜ್ಜಬೇಡಿ, ಬಿಸಿನೀರು ಸುರಿಯಬೇಡಿ, ಪೈಪ್ ಹಿಡಿದು ಜೋರಾಗಿ ನೀರು ಬಿಡಬೇಡಿ. ಮುಟ್ಟಲೇಬೇಕಾದರೆ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಕೈಯಲ್ಲಿ ಗಾಯ ಇದ್ದರೆ ಆ ಕೆಲಸವೇ ಬೇಡ. ನಿಮ್ಮ ಕಲ್ಲಿನ ವಿಷಯದಲ್ಲಿ ಇದ್ಯಾವುದೂ ಬೇಕಾಗಿಲ್ಲ. ಅದನ್ನು ಟ್ಯಾಂಕಿನಲ್ಲೇ ಬಿಡಿ. ಸತ್ತ ಮಾಂಸವನ್ನು ಹುಳುಗಳೂ ಬ್ಯಾಕ್ಟೀರಿಯಾಗಳೂ ತಾವೇ ತಿಂದು ಮುಗಿಸುತ್ತವೆ.

ಈಗ ಅಸಲು ವಿಷಯ. ನಿಮ್ಮ ಕಾಯಿಲೆಯ ಹೆಸರು ನಿಮ್ಮ ಪ್ರಶ್ನೆಯಲ್ಲೇ ಇದೆ: ‘ಉಪ್ಪು ಬೆರೆಸಿ ತುಂಬಿಸುತ್ತೇನೆ.’

ಟ್ಯಾಂಕಿನಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನಾಗರ ನೋಡಿದ್ದೀರಾ? ಮಡಿಗೆ ಕಡಲ ನೀರು ಬಿಟ್ಟು ಬಿಸಿಲಿಗೆ ಬಿಡುತ್ತಾರೆ. ನೀರು ಹೋಗುತ್ತದೆ, ಉಪ್ಪು ಕೂರುತ್ತದೆ. ಬಿಸಿಲಿನ ಬದಲು ಫ್ಯಾನ್ ಇಟ್ಟು ನೀವು ಹಾಲ್‌ನಲ್ಲಿ ಅದನ್ನೇ ಮಾಡುತ್ತಿದ್ದೀರಿ. ಒಲೆಯ ಮೇಲೆ ಸಾರು ಬತ್ತಿದರೆ ನೀರು ಹಾಕುತ್ತೇವೆ, ಇನ್ನೊಂದು ಚಮಚ ಉಪ್ಪು ಹಾಕುವುದಿಲ್ಲ ಅಲ್ವಾ?

ಲೆಕ್ಕ ಹಾಕೋಣ. ನಿಮ್ಮ ಟ್ಯಾಂಕಿನ ಅಳತೆಗೆ 190 ಲೀಟರ್ ಚಿಲ್ಲರೆ ಬರುತ್ತದೆ. ಕಲ್ಲು, ಮರಳು ಕಳೆದರೆ ನಿಜವಾದ ನೀರು 150 ಲೀಟರ್ ಅಂದುಕೊಳ್ಳಿ. ಸಮುದ್ರದ ನೀರಿನಲ್ಲಿ ಸುಮಾರಾಗಿ ಲೀಟರಿಗೆ 35 ಗ್ರಾಂ ಉಪ್ಪು. ನೀವು ದಿನಾ ಒಂದು ಲೀಟರ್ ಉಪ್ಪುನೀರು ತುಂಬಿದಾಗ ದಿನಾ 35 ಗ್ರಾಂ ಹೊಸ ಉಪ್ಪು ಒಳಗೆ ಹೋಯಿತು. 35 ದಿನಕ್ಕೆ 1,225 ಗ್ರಾಂ. ಅದನ್ನು 150 ಲೀಟರಿಗೆ ಹಂಚಿದರೆ ಲೀಟರಿಗೆ 8 ಗ್ರಾಂ ಜಾಸ್ತಿ. ಹದಿನೈದು ದಿನಕ್ಕೊಮ್ಮೆ ಹತ್ತು ಲೀಟರ್ ಬದಲಿಸಿದ್ದರಿಂದ ಸ್ವಲ್ಪ ಇಳಿದಿರಬಹುದು. ಹೇಗೆ ನೋಡಿದರೂ ನಿಮ್ಮ ನೀರು ಈಗ 42ರ ಆಚೆ ಈಚೆ ಇದೆ. ಇರಬೇಕಾದ್ದು 35.

‘ಹೈಡ್ರೋಮೀಟರ್ 1.025 ತೋರಿಸುತ್ತದಲ್ಲ, ಉಪ್ಪು ಸರಿಯಾಗಿಯೇ ಇದೆಯಲ್ಲ’ ಅನ್ನುತ್ತೀರಿ. ಅಂಗಡಿಯಲ್ಲಿ ಸಿಗುವ, ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಆಡುವ ಆ ಹೈಡ್ರೋಮೀಟರ್ ನಿಮ್ಮಲ್ಲೂ ಇರಬೇಕು. ಆ ಮುಳ್ಳಿಗೆ ಉಪ್ಪು ಕಚ್ಚಿಕೊಂಡರೆ ಅದರ ಭಾರ ಹೆಚ್ಚಾಗಿ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಗಾಳಿಗುಳ್ಳೆ ಅಂಟಿದರೆ ಮುಳ್ಳು ತೇಲಿ ಜಾಸ್ತಿ ತೋರಿಸುತ್ತದೆ. ಬಯ್ಯುತ್ತಿಲ್ಲ, ನಾನೂ ಮೊದಲ ವರ್ಷ ಇಂಥದ್ದೊಂದನ್ನು ದೇವರ ಮಾತಿನ ಹಾಗೆ ನಂಬಿದ್ದೆ. ಆರು ತಿಂಗಳ ಮೇಲೆ ಗೆಳೆಯನೊಬ್ಬ ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಸಾಧನ) ತಂದು ನೋಡಿದರೆ 41. ಆಮೇಲೆ ಆ ಹೈಡ್ರೋಮೀಟರ್ ಮಗಳ ಆಟದ ಸಾಮಾನಿಗೆ ಸೇರಿತು.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಕ್ಷಿಯೂ ಇದೆ, ಆ 510 ಕ್ಯಾಲ್ಸಿಯಂ. ಅದು ಒಳ್ಳೆಯ ಸುದ್ದಿಯಲ್ಲ. ಸಮುದ್ರದ ನೀರಿನಲ್ಲಿ ಇದು ಲೀಟರಿಗೆ 410-420 ಮಿಲಿಗ್ರಾಂ ಹತ್ತಿರ ಇರುತ್ತದೆ. ನೀವು ಪ್ರತ್ಯೇಕ ಕ್ಯಾಲ್ಸಿಯಂ ಹಾಕುವ ಮಾತೇ ಎತ್ತಿಲ್ಲ. ಹಾಗಾದರೆ 510 ಎಲ್ಲಿಂದ ಬಂತು? ನೀರಿನ ಉಪ್ಪು ಏರಿದರೆ ಅದರೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕೆಎಚ್ (ನೀರಿನ ಕ್ಷಾರೀಯತೆಯ ಅಳತೆ) ಎಲ್ಲವೂ ಒಟ್ಟಿಗೆ ಏರುತ್ತವೆ. 420ನ್ನು 35ರಿಂದ ಭಾಗಿಸಿ 42.5ರಿಂದ ಗುಣಿಸಿ ನೋಡಿ. ಸರಿಯಾಗಿ 510.

ಮೀನು ಮಾತ್ರ ಹೇಗೆ ಚೆನ್ನಾಗಿವೆ? ಮೀನು ಸಮುದ್ರದ ನೀರು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ಅದರ ಮೈಯೊಳಗಿನ ಉಪ್ಪು ಬೇರೆ, ಹೊರಗಿನದು ಬೇರೆ. ಹವಳಕ್ಕೂ ಬಸವನಹುಳುವಿಗೂ ಆ ಸೌಕರ್ಯ ಇಲ್ಲ. ಹೊರಗೆ ಎಷ್ಟಿದೆಯೋ ಒಳಗೂ ಅಷ್ಟೇ ಆಗುತ್ತದೆ. ಅದಕ್ಕೇ ಅವು ಮೊದಲು ಬೀಳುತ್ತವೆ. ಕೆಂಪು ಸಮುದ್ರದಲ್ಲಿ ಉಪ್ಪು 40ರ ಸುತ್ತ ಇದ್ದರೂ ಅಲ್ಲಿ ಅದ್ಭುತವಾದ ಹವಳ ಇದೆಯಲ್ಲ ಎಂದು ಯಾರಾದರೂ ವಾದಿಸಬಹುದು. ಇದೆ, ನಿಜ. ಆದರೆ ಅವು ತಲೆತಲಾಂತರದಿಂದ ಅಲ್ಲೇ ಬೆಳೆದವು. ನಿಮ್ಮದಕ್ಕೆ ಸಿಕ್ಕಿದ್ದು ಐದು ವಾರ.

ಈಗ ಮಾಡಬೇಕಾದದ್ದು. ಇವತ್ತೇ ಯಾರದ್ದಾದರೂ ರಿಫ್ರಾಕ್ಟೋಮೀಟರ್ ಸಾಲ ತಂದು ಅಳೆಯಿರಿ. ಬರೀ ನೀರಿಟ್ಟು ಸೊನ್ನೆಗೆ ಹೊಂದಿಸಿದರೆ ಸಾಲದು. 35 ಎಂದು ಗೊತ್ತಿರುವ ದ್ರಾವಣ ಇಟ್ಟು 35ಕ್ಕೇ ಹೊಂದಿಸಬೇಕು, ನಮಗೆ ಬೇಕಾದ ಅಳತೆ ಇರುವುದು ಅಲ್ಲಿ. ಆ ದ್ರಾವಣ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. 36.5 ಗ್ರಾಂ ಒಣಗಿದ ಪುಡಿ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿಗೆ ಹಾಕಿ ಕರಗಿಸಿ. ಇದು ರಿಫ್ರಾಕ್ಟೋಮೀಟರಿನ ಕಣ್ಣಿಗೆ 35ರ ಸಮುದ್ರದ ನೀರಿನ ಹಾಗೇ ಕಾಣುತ್ತದೆ. ಅಳತೆಗೆ ಅಷ್ಟೇ. ಅಡುಗೆ ಉಪ್ಪಿನ ಈ ನೀರನ್ನು ಅಪ್ಪಿತಪ್ಪಿ ಟ್ಯಾಂಕಿಗೆ ಸುರಿಯಬೇಡಿ!

ನಾನು ಹೇಳಿದ ಹಾಗೆ 42 ಬಂತು ಅಂದುಕೊಳ್ಳಿ. ಒಂದೇ ದಿನದಲ್ಲಿ ಇಳಿಸಲು ಹೋಗಬೇಡಿ. ಏರಿದ್ದು ನಿಧಾನವಾಗಿ, ಇಳಿಯುವುದೂ ನಿಧಾನವಾಗಿಯೇ ಆಗಲಿ, ದಿನಕ್ಕೆ ಒಂದು ಅಂಕ. ದಿನಾ ಮೂರೂವರೆ ಲೀಟರ್ ಟ್ಯಾಂಕ್ ನೀರು ತೆಗೆದು, ಅಷ್ಟೇ ಸಿಹಿನೀರನ್ನು (ಉಪ್ಪು ಬೆರೆಸದ ಆರ್‌ಓ ನೀರು) ಪಂಪ್ ನೀರು ಚಿಮ್ಮುವ ಕಡೆ ನಿಧಾನವಾಗಿ ಹಾಕಿ. ಆವಿಯಾಗುವ ಒಂದು ಲೀಟರಿಗೂ ಸಿಹಿನೀರೇ. ಎಂಟು ಒಂಬತ್ತು ದಿನದಲ್ಲಿ 35ಕ್ಕೆ ಬರುತ್ತದೆ. ದಿನಾ ಅಳೆಯುತ್ತಾ ಹೋಗಿ, ನನ್ನ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬೇಡಿ.

ಮುಂದಕ್ಕೆ ಇದು ಮರುಕಳಿಸದಿರಲು ಎರಡು ರೂಪಾಯಿಯ ಉಪಾಯ ಇದೆ. ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಒಂದು ಟೇಪ್ ಅಂಟಿಸಿ. ದಿನಾ ಬೆಳಿಗ್ಗೆ ಆ ಗೆರೆವರೆಗೆ ಸಿಹಿನೀರು. ಉಪ್ಪುನೀರು ಬೇಕಾಗುವುದು ನೀವು ಬಕೆಟ್‌ನಲ್ಲಿ ನೀರು ಹೊರತೆಗೆದಾಗ ಮಾತ್ರ. ತಾನೇ ತುಂಬಿಕೊಳ್ಳುವ ಆಟೋ ಟಾಪ್-ಅಪ್ ಯಂತ್ರ ಹಾಕಿಸುವುದಾದರೆ ಅದರ ನೀರಿನ ಡಬ್ಬಿ ಹತ್ತು ಲೀಟರಿಗಿಂತ ದೊಡ್ಡದು ಬೇಡ. ಅದರ ಫ್ಲೋಟ್ ಒಂದಲ್ಲ ಒಂದು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಟ್ಯಾಂಕಿಗೆ ಹತ್ತು ಲೀಟರ್ ಸುರಿದರೆ ಬದುಕಿಕೊಳ್ಳಬಹುದು, ಐವತ್ತು ಸುರಿದರೆ ಕಷ್ಟ.

ಇನ್ನು ಆರ್‌ಓ ನೀರು. ನಿಮ್ಮದು ಅಡುಗೆಮನೆಯ ಪ್ಯೂರಿಫೈಯರ್ ಆದರೆ ಅದರ ಮೈಮೇಲೆ ಏನು ಬರೆದಿದೆ ನೋಡಿ. ‘ಕಾಪರ್’ ಅಂತ ಇದೆಯಾ? ಈಗ ಬರುವ ಎಷ್ಟೋ ಮಾದರಿಗಳಲ್ಲಿ ನೀರಿಗೆ ತಾಮ್ರ ಸೇರಿಸುವ ಕಾರ್ಟ್ರಿಡ್ಜ್ ಇರುತ್ತದೆ. ತಾಮ್ರದ ಚೊಂಬಿನ ನೀರು ನಮಗೆ ಒಳ್ಳೆಯದೋ ಅಲ್ಲವೋ, ಹವಳ, ಸಿಗಡಿ, ಬಸವನಹುಳುಗಳಿಗೆ ತಾಮ್ರ ಬಹಳ ಸಣ್ಣ ಪ್ರಮಾಣದಲ್ಲೂ ವಿಷ. ಮೀನು ತಡೆದುಕೊಳ್ಳುತ್ತದೆ, ಅವು ತಡೆದುಕೊಳ್ಳುವುದಿಲ್ಲ. ನಿಮ್ಮ ಬಸವನಹುಳುಗಳನ್ನು ಕೊಂದದ್ದು ಉಪ್ಪು ಎಂದೇ ನನ್ನ ಅಂದಾಜು. ಆದರೂ ತಾಮ್ರದ ಟೆಸ್ಟ್ ಕಿಟ್‌ನಲ್ಲಿ ಒಮ್ಮೆ ನೋಡಿಬಿಡಿ.

ತಾಮ್ರ ಇಲ್ಲದಿದ್ದರೂ ಮನೆಯ ಪ್ಯೂರಿಫೈಯರಿನಲ್ಲಿ ಇನ್ನೊಂದು ತೊಂದರೆ ಇದೆ. ನೀರು ಸಪ್ಪೆಯಾಗಬಾರದು ಎಂದು ಅದರಲ್ಲಿ ಒಂದು ಟಿಡಿಎಸ್ ಕಂಟ್ರೋಲರ್ ಇಟ್ಟಿರುತ್ತಾರೆ (ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ). ಸೋಸಿದ ನೀರಿಗೆ ಸೋಸದ ನೀರನ್ನು ಸ್ವಲ್ಪ ಬೆರೆಸುವುದೇ ಅದರ ಕೆಲಸ. ಬೋರ್‌ವೆಲ್ ನೀರಾದರೆ ನೈಟ್ರೇಟ್, ಗಡಸು ಎಲ್ಲ ಅದರ ಜೊತೆ ಬರುತ್ತದೆ. ಕುಡಿಯಲು ಟಿಡಿಎಸ್ 80 ಚೆನ್ನಾಗಿದೆ, ಹವಳಕ್ಕೆ ಸೊನ್ನೆಯ ಹತ್ತಿರ ಬೇಕು. ಸಣ್ಣ ಟಿಡಿಎಸ್ ಮೀಟರ್ ಅಗ್ಗಕ್ಕೇ ಸಿಗುತ್ತದೆ. ಟ್ಯಾಂಕಿಗೆಂದೇ ಒಂದು ಸಾದಾ ಆರ್‌ಓ, ಅದರ ಕೊನೆಗೊಂದು, ಉಳಿದ ಲವಣಗಳನ್ನೂ ಹೀರುವ ಡಿಐ ರೆಸಿನ್ ಡಬ್ಬಿ ಜೋಡಿಸಿಕೊಳ್ಳಿ. ದೊಡ್ಡ ಲೈಟಿಗೆ ಎತ್ತಿಟ್ಟ ದುಡ್ಡು ಇದಕ್ಕೆ ಹೋಗಲಿ.

ಲೈಟು ಯಾಕೆ ಬೇಡ ಎಂದು ಹೇಳಿಬಿಡುತ್ತೇನೆ. ನೀವು ಸಾಕಿರುವ ಈ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಝೂಕ್ಸಾಂಥೆಲೆ ಅಂತ ಹೆಸರು. ಆ ಪಾಚಿ ಬೆಳಕಿನಿಂದ ಸಕ್ಕರೆ ಮಾಡುತ್ತದೆ, ಹವಳದ ಊಟದ ಹೆಚ್ಚಿನ ಪಾಲು ಅದೇ. ಆ ಪಾಚಿಯ ಬಣ್ಣ ಕಂದು. ಮಶ್ರೂಮ್ ಕಂದಾಗಿದೆ ಅಂದರೆ ಒಳಗೆ ಪಾಚಿ ಇದೆ, ಬಹುಶಃ ಜಾಸ್ತಿಯೇ ಇದೆ ಅಂತ ಅರ್ಥ. ನೋಡಲು ಚಂದ ಇಲ್ಲ, ಪ್ರಾಣಕ್ಕೆ ಅಪಾಯವೂ ಇಲ್ಲ. ಗಾಬರಿಯಾಗಬೇಕಾದದ್ದು ಅದು ಬಿಳಿಚಿಕೊಂಡರೆ. ಹವಳಕ್ಕೆ ತಡೆಯಲಾರದ ಕಷ್ಟ ಬಂದಾಗ ಆ ಪಾಚಿಯನ್ನೇ ಹೊರಹಾಕಿಬಿಡುತ್ತದೆ. 1998ರಲ್ಲಿ, 2010ರಲ್ಲಿ, 2016ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿದ್ದು ಹೀಗೇ, ಅಲ್ಲಿ ಕಾರಣ ನೀರಿನ ಬಿಸಿ. ಉಪ್ಪಿನಿಂದ ಸೊರಗಿರುವ ಹವಳದ ಮೇಲೆ ಈಗ ಹೊಸ ಲೈಟಿನ ಕಣ್ಣುಕುಕ್ಕುವ ಬೆಳಕು ಬಿಟ್ಟರೆ ಕಂದು ಹೋಗಿ ಬಿಳಿಯಾಗುವುದೇ ಖಚಿತ. ಮಶ್ರೂಮ್, ಲೆದರ್, ಝೋವಾ ಇವೆಲ್ಲ ಸಾಧಾರಣ ಬೆಳಕಿನಲ್ಲೇ ಬಾಳುವಂಥವು. ನಿಮ್ಮ 90 ವ್ಯಾಟ್ ಧಾರಾಳ ಸಾಕು. ದಿನಕ್ಕೆ 8-9 ಗಂಟೆ, ನೀಲಿ ಜಾಸ್ತಿ, ಬಿಳಿ ಕಡಿಮೆ. ಮುಂದಿನ ಎರಡು ತಿಂಗಳು ಆ ರಿಮೋಟನ್ನು ಬೀರುವಿನಲ್ಲಿಡಿ.

ಲೆದರ್ ಕೋರಲ್ ಮೇಲಿನ ಮೇಣಕ್ಕೆ ಹೆದರಬೇಡಿ. ಅದು ಪೊರೆ ಬಿಡುತ್ತಿದೆ. ಮೈಮೇಲೆ ಕೂತ ಪಾಚಿ, ಕಸ ಎಲ್ಲವನ್ನೂ ಸೇರಿಸಿ ಹಾವಿನ ಹಾಗೆ ಕಳಚುತ್ತದೆ. ಆರೋಗ್ಯವಾಗಿದ್ದಾಗಲೂ ಆಗಾಗ ಮಾಡುತ್ತದೆ, ಕೆಲವು ದಿನದಿಂದ ಎರಡು ವಾರದವರೆಗೂ ಹಿಡಿಯಬಹುದು. ಕಿರಿಕಿರಿಯಾದಾಗ ಇನ್ನೂ ಜಾಸ್ತಿ. ಕೈಯಿಂದ ಆ ಪೊರೆ ಕೀಳಲು ಹೋಗಬೇಡಿ. ಟ್ಯಾಂಕಿನಲ್ಲಿ ನೀರು ಓಡಾಡಿಸುವ ವೇವ್ ಮೇಕರ್ ಅನ್ನು ಸ್ವಲ್ಪ ಆ ಕಡೆ ತಿರುಗಿಸಿ, ನೀರಿನ ಸೆಳೆತಕ್ಕೆ ತಾನೇ ಬಿಟ್ಟುಕೊಳ್ಳುತ್ತದೆ. ನೇರವಾಗಿ ಮುಖಕ್ಕೆ ಹೊಡೆಯುವ ಹಾಗೆ ಬೇಡ, ಪಕ್ಕದಿಂದ ತಾಗಿಕೊಂಡು ಹೋಗಲಿ. ಬುಡ ಮೆತ್ತಗಾಗಿ, ಕಪ್ಪಾಗಿ, ಕೊಳೆತ ವಾಸನೆ ಬಂದರೆ ಮಾತ್ರ ಅದು ಬೇರೆ ಕಥೆ. ಆ ಭಾಗವನ್ನು ಕತ್ತರಿಸಿ ತೆಗೆಯಬೇಕು.

ಲೆದರ್ ಕೋರಲ್ ನೀರಿಗೆ ತನ್ನದೇ ರಾಸಾಯನಿಕಗಳನ್ನು ಬಿಡುತ್ತದೆ, ಪಕ್ಕದವರನ್ನು ದೂರ ಇಡಲು. ನೋಡಲು ಸಾಧು, ಒಳಗೆ ಜಗಳಗಂಟ. ಹಾಗಾಗಿ ಒಂದು ಸಣ್ಣ ಚೀಲದಲ್ಲಿ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ ಫಿಲ್ಟರಿನಲ್ಲಿಡಿ, ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿ. ಕ್ಸೀನಿಯಾ ವಿಷಯದಲ್ಲಿ ಹೇಳಲು ಹೆಚ್ಚೇನಿಲ್ಲ. ಅದು ಬೆಳೆದರೆ ಕಳೆಯ ಹಾಗೆ ಬೆಳೆಯುತ್ತದೆ, ಹೋದರೆ ರಾತ್ರಿ ಕಳೆಯುವುದರೊಳಗೆ ಹೋಗುತ್ತದೆ. ಕರಗಿದ್ದನ್ನು ಪೈಪಿನಿಂದ ಹೀರಿ ತೆಗೆಯಿರಿ. ಕಲ್ಲಿನ ಮೇಲೆ ಚೂರು ಬುಡ ಉಳಿದಿದ್ದರೆ ಬಿಟ್ಟುಬಿಡಿ, ಮತ್ತೆ ಚಿಗುರಿದರೂ ಚಿಗುರೀತು.

ಫ್ಯಾನ್ ನಿಲ್ಲಿಸಬೇಕಾ ಎಂದು ಕೇಳಬೇಡಿ, ಅದರ ತಪ್ಪೇನಿಲ್ಲ. ಹವಳಕ್ಕೆ 25ರಿಂದ 27 ಡಿಗ್ರಿ ಹಿತ. ಬೆಂಗಳೂರಿನ ಏಪ್ರಿಲ್‌ನಲ್ಲಿ ಫ್ಯಾನ್ ಇಲ್ಲದ ಟ್ಯಾಂಕ್ ಸುಲಭವಾಗಿ 29-30ಕ್ಕೆ ಹೋಗುತ್ತದೆ. ಒಣ ಹವೆಯಲ್ಲಿ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಇದೇ ಫ್ಯಾನ್ ಮಂಗಳೂರಿನಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ನೀರು ಆವಿಯಾಗಲು ಒಪ್ಪುವುದಿಲ್ಲ. ಕರಾವಳಿಯ ಗೆಳೆಯರು ನೀರು ತಣ್ಣಗಿಡುವ ಚಿಲ್ಲರ್ ಇಲ್ಲದೆ ಹವಳಕ್ಕೆ ಕೈ ಹಾಕದಿರುವುದೇ ಮೇಲು. ನಿಮಗೆ ಡಿಸೆಂಬರ್‌ನಲ್ಲಿ ಹೀಟರ್ ಬೇಕಾಗುತ್ತದೆ, ನೆನಪಿರಲಿ. ಕರೆಂಟ್ ಹೋದಾಗ ವೇವ್ ಮೇಕರ್ ಒಂದನ್ನಾದರೂ ಮನೆಯ ಇನ್ವರ್ಟರಿಗೆ ಹಾಕಿಡಿ. ನೀರು ನಿಂತರೆ ಬೆಳಕಿಲ್ಲದ್ದಕ್ಕಿಂತ ಮೊದಲು ಆಮ್ಲಜನಕ ಸಾಲದೆ ಪ್ರಾಣ ಹೋಗುತ್ತದೆ. ಆ ಹತ್ತು ಹದಿನೈದು ವ್ಯಾಟ್ ಇನ್ವರ್ಟರಿಗೆ ಲೆಕ್ಕಕ್ಕೇ ಇಲ್ಲ.

ಬಾಟಲಿಗಳ ವಿಷಯ. ಉಪ್ಪು 35ಕ್ಕೆ ಬಂದ ಮೇಲೆ ಅಂಗಡಿಯವರು ಕ್ಯಾಲ್ಸಿಯಂ ಹಾಕಿ, ಮೆಗ್ನೀಸಿಯಂ ಹಾಕಿ ಎನ್ನಬಹುದು. ಸಾಫ್ಟ್ ಕೋರಲ್‌ಗೆ ಕಲ್ಲಿನ ಎಲುಬು ಕಟ್ಟುವ ಕೆಲಸ ಇಲ್ಲ, ಅದಕ್ಕೆ ಬೇಕಾದಷ್ಟು ನೀರು ಬದಲಿಸಿದಾಗಲೇ ಸಿಗುತ್ತದೆ. ಹದಿನೈದು ದಿನಕ್ಕೆ ಹತ್ತು ಲೀಟರ್ ಬದಲು ಹದಿನೈದು ಲೀಟರ್ ಮಾಡಿ, ಸಾಕು. ಕೆಎಚ್ 8ರ ಸುತ್ತ ಇದ್ದರೆ ಕೈ ಕಟ್ಟಿ ಕೂರಿ. ನೈಟ್ರೇಟ್ ಸೊನ್ನೆ ಮಾಡಲು ಹೋಗಬೇಡಿ, 5-10 ಇದ್ದರೆ ಇವಕ್ಕೆ ಅದೇ ಗೊಬ್ಬರ. ಗಟ್ಟಿ ಹವಳ ಸಾಕುವವರು ‘ಕಾಲ್ಕ್‌ವಾಸರ್’ ಎಂದು ದೊಡ್ಡ ಹೆಸರು ಹೇಳುವುದನ್ನು ಕೇಳಿರುತ್ತೀರಿ. ಜರ್ಮನ್ ಭಾಷೆಯ ಆ ಪದಕ್ಕೆ ಅರ್ಥ ಸುಣ್ಣದ ನೀರು, ನಮ್ಮ ಸುಣ್ಣದ ತಿಳಿಯೇ. ಆದರೆ ಅಜ್ಜಿಯ ಎಲೆ-ಅಡಿಕೆ ಡಬ್ಬಿಯ ಸುಣ್ಣ ತಂದು ಕದಡಬೇಡಿ. ಅದು ಅಷ್ಟು ಶುದ್ಧ ಇರುವುದಿಲ್ಲ. ಶುದ್ಧ ಸುಣ್ಣದ ತಿಳಿಯ ಪಿಎಚ್ ಕೂಡ 12 ದಾಟುತ್ತದೆ. ಒಂದು ಲೋಟ ಒಮ್ಮೆಲೇ ಬಿದ್ದರೂ ನಿಮ್ಮ ಟ್ಯಾಂಕಿಗೆ ಆಘಾತವೇ.

ಕೊನೆಗೆ ದುಬೈಯ ತಮ್ಮ. ಅಕ್ರೋಪೋರಾ ತರುವುದು ಖಂಡಿತ ಬೇಡ. ನಿಮ್ಮ ಟ್ಯಾಂಕ್ ಅದಕ್ಕೆ ತಯಾರಿಲ್ಲ ಅನ್ನುವುದು ಸಣ್ಣ ಕಾರಣ. ದೊಡ್ಡ ಕಾರಣ ಕಾನೂನು. 2001ರಲ್ಲಿ ಭಾರತ ಸರ್ಕಾರ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದಕ್ಕೆ ಸೇರಿಸಿತು. ಕಪ್ಪು ಹವಳ, ಆರ್ಗನ್ ಪೈಪ್ ಕೋರಲ್, ಫೈರ್ ಕೋರಲ್, ಬೀಸಣಿಗೆಯ ಹಾಗಿರುವ ಸೀ ಫ್ಯಾನ್‌ಗಳೂ ಆ ಪಟ್ಟಿಯಲ್ಲಿವೆ. ಹುಲಿ, ಆನೆ ಇರುವ ಪರಿಚ್ಛೇದ ಅದು. ಸತ್ತ ತುಂಡು ಶೋಕೇಸಿನಲ್ಲಿಟ್ಟರೂ ಕಷ್ಟ. ಗಟ್ಟಿ ಹವಳವನ್ನು ದೇಶದಿಂದ ದೇಶಕ್ಕೆ ಸಾಗಿಸಲು ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪ್ರಕಾರ ಅನುಮತಿ ಪತ್ರ ಬೇರೆ ಬೇಕು. ಇಲ್ಲಿ ಯಾರಾದರೂ ಕದ್ದುಮುಚ್ಚಿ ಹ್ಯಾಮರ್, ಟಾರ್ಚ್, ಬ್ರೇನ್ ಕೋರಲ್ ಎಂದು ಮಾರಿದರೂ ಅವೆಲ್ಲ ಗಟ್ಟಿ ಹವಳಗಳೇ, ಕೊಳ್ಳಬೇಡಿ. ಮುರ್ಡೇಶ್ವರದ ಎದುರಿನ ನೇತ್ರಾಣಿಗೆ ಹೋಗಿ ಧುಮುಕಿದರೆ ಗಟ್ಟಿ ಹವಳವನ್ನು ಅದರ ಮನೆಯಲ್ಲೇ ನೋಡಬಹುದು. ಬರುವಾಗ ಜೇಬಿಗೆ ಒಂದು ಚೂರೂ ಹಾಕಿಕೊಳ್ಳಬೇಡಿ.

‘ಹಾಗಾದರೆ ನಮ್ಮಪ್ಪನ ಬೆರಳಲ್ಲಿ ಹವಳದ ಉಂಗುರ ಇದೆಯಲ್ಲ’ ಎಂದು ಈ ಮಾತು ಹೇಳಿದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ. ಮಂಗಳ ಗ್ರಹಕ್ಕೆ ಅಂತ ಹಾಕುವ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ಬೇರೆಯೇ ಜೀವಿ. ಅದರ ಮೈಯಲ್ಲಿ ಪಾಚಿ ಇಲ್ಲ, ಬೆಳಕೂ ಬೇಡ, ಮಬ್ಬುಗತ್ತಲ ಬಂಡೆಗಳಲ್ಲಿ ಬೆಳೆಯುತ್ತದೆ. ಅಕ್ರೋಪೋರಾದ ಕಾನೂನಿಗೂ ಆ ಉಂಗುರಕ್ಕೂ ನೆಂಟಸ್ತಿಕೆ ಹಚ್ಚುವುದು ಬೇಡ.

ತಮ್ಮ ಏನಾದರೂ ತರಲೇಬೇಕು ಎಂದು ಹಟ ಹಿಡಿದರೆ ಒಂದು ಒಳ್ಳೆಯ ರಿಫ್ರಾಕ್ಟೋಮೀಟರ್, ಜೊತೆಗೆ 35ರ ದ್ರಾವಣದ ಸಣ್ಣ ಬಾಟಲಿ ತರಲು ಹೇಳಿ. ಬಾಟಲಿಯನ್ನು ಚೆಕ್-ಇನ್ ಬ್ಯಾಗಿಗೇ ಹಾಕಲಿ.